ಎರಡು ಬೆರಳಿನ ಜೇಬು

ಮೆಲ್ಲಗಣ್ಣನ ಹೆಸರು ಅವಳ ಕಿವಿಗೆ ಮೊದಲು ಬಿದ್ದದ್ದು ಗಂಡ ಬರಿಗೈಯಲ್ಲಿ ಗೋಡೆಯ ಮೇಲೆ ಅಕ್ಷರ ಬರೆಯುತ್ತಿದ್ದ ದಿನ.

ಗಂಡ ಬೋರ್ಡು ಬರೆಯುವ ಪೇಂಟರು. ಅಂಗಡಿಬೀದಿಯಲ್ಲಿ ತಲೆಯೆತ್ತಿ ನಡೆದರೆ ಅರ್ಧಕ್ಕರ್ಧ ಬೋರ್ಡು ಅವನ ಕೈಯದೇ. ಕೈ ಎಷ್ಟು ಚಂದವೋ ಕುಡಿತವೂ ಅಷ್ಟೇ ಧಾರಾಳ. ಆ ವಾರ ಜ್ವರ ಬಂದು ಮಲಗಿದ. ಎದ್ದು ಹೋಗುವ ತ್ರಾಣವಿಲ್ಲದೆ ಕುಡಿತ ತಾನಾಗಿಯೇ ನಿಂತಿತು. ಸದ್ಯ, ದೇವರು ಕಣ್ಣು ಬಿಟ್ಟ ಅಂತ ಅವಳು ಉಸಿರು ಬಿಟ್ಟಳು. ಒಂದೆರಡು ದಿನ ಕಳೆದು ಬೆಳಿಗ್ಗೆ ನೋಡಿದರೆ ಗೋಡೆಯ ಮುಂದೆ ನಿಂತಿದ್ದಾನೆ. ಮೈಯೆಲ್ಲ ಗಡಗಡ, ಅಂಗಿ ಬೆವರಿನಲ್ಲಿ ತೊಯ್ದು ತೊಪ್ಪೆ. ಕುಂಚ ಹಿಡಿದವನ ಹಾಗೆ ಕೈ ಆಡಿಸುತ್ತ ಗೋಡೆ ತುಂಬ ಬರೆಯುತ್ತಿದ್ದಾನೆ. ಅವಳು ನೀರಿನ ಲೋಟ ಹಿಡಿದು ಹತ್ತಿರ ಹೋದರೆ, "ದೂರ ನಿಲ್ಲೇ, ಇನ್ನೂ ಒಣಗಿಲ್ಲ" ಅಂದ.

ಅವಳು ಓಡಿಹೋಗಿ ಪಕ್ಕದ ಮನೆಯ ಕ್ಷೌರದಂಗಡಿಯವನನ್ನು ಕರೆತಂದಳು. ಅವನು ಬಾಗಿಲಲ್ಲೇ ನಿಂತು ನೋಡಿದ.

"ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ ತಂಗಿ. ಹೆಂಡ ದಿಢೀರ್ ನಿಂತಿದ್ದಕ್ಕೆ ಮೈ ಜಗಳ ತೆಗೆದಿದೆ. ಹೀಗೇ ಬಿಟ್ಟರೆ ಜೀವಕ್ಕೇ ಬರುತ್ತೆ. ಹೊರಡಿ, ದೊಡ್ಡ ಕಾಂಪೌಂಡಿನ ಆಸ್ಪತ್ರೆಗೆ. ಅಲ್ಲಿ ಮೆಲ್ಲಗಣ್ಣ ಅಂತ ಇದ್ದಾನೆ, ಅವನ ವಾರ್ಡೇ ಕೇಳು."

"ಡಾಕ್ಟರಾ?"

"ನರ್ಸು."

"ಗಂಡಸು ನರ್ಸಾ?"

"ಯಾಕೆ, ಗಂಡಸರಿಗೆ ಕೈ ಇರಲ್ವಾ?"

ದೊಡ್ಡ ಕಾಂಪೌಂಡು ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಊರಲ್ಲಿ ಯಾರೂ ಅದನ್ನು ಕಾಂಪೌಂಡು ಅನ್ನುತ್ತಿರಲಿಲ್ಲ, ಹುಚ್ಚಾಸ್ಪತ್ರೆ ಅಂತಲೇ ಅನ್ನುತ್ತಿದ್ದರು. "ಅಲ್ಲಿಗೆ ಸೇರಿಸಿದರೆ ನಾಳೆ ಇವರಿಗೆ ಯಾರು ಕೆಲಸ ಕೊಡ್ತಾರೆ ಅಣ್ಣ?" ಅಂದಳು.

"ನಾನೂ ಅಲ್ಲಿದ್ದು ಬಂದವನೇ ಕಣಮ್ಮ. ಊರಿನ ಗಂಡಸರೆಲ್ಲ ದಿನಾ ಬಂದು ನನ್ನ ಕತ್ತಿಯ ಕೆಳಗೆ ಕುತ್ತಿಗೆ ಕೊಟ್ಟು ತೂಕಡಿಸ್ತಾರೆ. ಬೋರ್ಡು ಬರೆಸೋಕೆ ಏನು ಧಾಡಿ?"

ಹಾಗೆ ಹೊರಟರು. ಅವಳು ದಾರಿಯುದ್ದಕ್ಕೂ ಮೆಲ್ಲಗಣ್ಣ ಅಂದರೆ ಆರಡಿ ಆಳು, ಕೈಯಲ್ಲಿ ಹಗ್ಗ ಹಿಡಿದಿರುತ್ತಾನೆ ಅಂತಲೇ ಕಲ್ಪಿಸಿಕೊಂಡಿದ್ದಳು. ವಾರ್ಡಿನ ಬಾಗಿಲಿಗೆ ಬಂದವನು ಗಿಡ್ಡ, ದೊಡ್ಡ ಕಿವಿ, ರಬ್ಬರ್ ಚಪ್ಪಲಿ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲಿತ್ತು, ಆದರೆ ಅದಕ್ಕೆ ಬಟ್ಟೆ ಸುತ್ತಿ ಕೂಸಿನ ಹಾಗೆ ಕಟ್ಟಿಕೊಂಡಿದ್ದ, ಸದ್ದಾಗದಂತೆ. ಪೇಂಟರನ್ನು ಹಿಡಿಯಲು ಇಬ್ಬರು ಆಳುಗಳು ಮುಂದೆ ಬಂದರೆ, "ಮೆಲ್ಲಗೆ, ಮೆಲ್ಲಗೆ" ಅಂದ. ದಿನಕ್ಕೆ ಅದೆಷ್ಟು ಸಲ ಆ ಮಾತು ಅವನ ಬಾಯಿಂದ ಬರುತ್ತಿತ್ತೋ, ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಗಂಡ ಅಲ್ಲಿನ ಗೋಡೆಗೂ ಕೈ ಹಚ್ಚಿದ. "ನೋಡಿ, ಈ ಅಕ್ಷರ ಸೊಟ್ಟಗಾಯ್ತು" ಅಂತ ಅಳತೊಡಗಿದ. ಅವಳು ಅಂದುಕೊಂಡಳು, ಈಗ ಇವನು ಬೈಯುತ್ತಾನೆ, ಇಲ್ಲ ಹೌದು ಹೌದು ಅಂತ ತಾಳ ಹಾಕುತ್ತಾನೆ. ಮೆಲ್ಲಗಣ್ಣ ಎರಡೂ ಮಾಡಲಿಲ್ಲ.

"ನನಗೆ ಅಕ್ಷರ ಕಾಣ್ತಿಲ್ಲ ಪೇಂಟರೇ. ಆದರೆ ನಿಮಗೆ ಕಾಣ್ತಿದೆ ಅಂತ ಗೊತ್ತು. ಹೆದರಿಕೆ ಆಗಿರುತ್ತೆ. ಇದು ಆಸ್ಪತ್ರೆ, ನಾನು ಇಲ್ಲೇ ಇರ್ತೀನಿ. ಬೆಳಿಗ್ಗೆಯಿಂದ ಎತ್ತಿದ ಕೈ ಇಳಿಸಿಲ್ಲ, ನೋವು ಬಂದಿರಬೇಕು. ಕೂತ್ಕೊಳ್ಳಿ."

ಕೈ ನೋವು ಅನ್ನುವುದು ಮಾತ್ರ ಗಂಡನಿಗೆ ನಿಜವಾಗಿ ನಾಟಿತು. ಕೂತ. ಸೂಜಿ ಚುಚ್ಚಿಸಿಕೊಂಡ. ದೀಪ ಆರಿಸದ ಕೋಣೆಯಲ್ಲಿ ಅವನನ್ನು ಮಲಗಿಸಿದರು. ಕತ್ತಲಿದ್ದರೆ ನೆರಳೆಲ್ಲ ಹುಳವಾಗಿ ಕಾಣುತ್ತದಂತೆ. ಮೆಲ್ಲಗಣ್ಣ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು ಗುಟುಕು ಗುಟುಕಾಗಿ ನೀರು ಕುಡಿಸಿದ, ಮತ್ತೆ ಮತ್ತೆ ನಾಡಿ ಹಿಡಿದು ನೋಡಿದ, ಪ್ರತಿ ಸಲವೂ ಇದು ಯಾವ ಜಾಗ, ಈಗ ಹಗಲೋ ರಾತ್ರಿಯೋ ಅಂತ ಹೇಳಿದ. ಹೇಳಿದ್ದನ್ನೇ ಹೇಳಲು ಅವನಿಗೆ ಬೇಜಾರೆಂಬುದೇ ಇರಲಿಲ್ಲ.

ಅವಳು ಕೇಳಿದಳು, "ಇವರಿಗೆ ತಲೆ ಕೆಟ್ಟಿತಾ ಅಣ್ಣ?"

"ಇದು ಇಳಿಯುತ್ತಮ್ಮ. ಇಳಿದ ಮೇಲಿಂದೇ ಕಷ್ಟ. ಈಗ ಬೇಕಾದರೆ ಹೊರಗೆ ಹೋಗಿ ಒಂದು ಟೀ ಕುಡಿದು ಬಾ. ನೀನು ಬೀಳಬೇಡ, ನನ್ನ ಹತ್ರ ಮಂಚ ಖಾಲಿ ಇಲ್ಲ."

ಇಳಿಯಿತು. ಗೋಡೆ ಬರೀ ಗೋಡೆಯಾಯಿತು. ಗಂಡ ಎದ್ದು ಕೂತು ಅವಳ ಮುಖ ನೋಡಲಾಗದೆ ಕಿಟಕಿ ನೋಡಿದ. ಆ ವಾರ್ಡು ಅವಳ ಕಣ್ಣಲ್ಲಿ ಇಂದಿಗೂ ಕಟ್ಟಿದ ಹಾಗಿದೆ. ಸುಣ್ಣದ ಗೋಡೆ, ಬಣ್ಣ ಎದ್ದ ಕಬ್ಬಿಣದ ಮಂಚಗಳು, ಸರಳಿನ ನೆರಳು ನೆಲದ ಮೇಲೆ ಏಣಿಯ ಹಾಗೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ಮೂಲೆಯ ಮಂಚ ಹತ್ತುತ್ತಿತ್ತು. ಫಿನಾಯಿಲ್ ವಾಸನೆ ಹೋಗುವಷ್ಟರಲ್ಲಿ ಟೀ ವಾಸನೆ ಬರುತ್ತಿತ್ತು. ಒಂದು ಕಡೆ ಕುಡಿತ ಬಿಡುವವರು, ಇನ್ನೊಂದು ಕಡೆ ಮನಸ್ಸಿನ ಕಾಯಿಲೆಯವರು. ಮೂಲೆಯ ಮಂಚದಲ್ಲಿ ಒಬ್ಬ ಅಜ್ಜ. ಅವನು ಮಾತು ಬಿಟ್ಟು ಎಷ್ಟು ಕಾಲವಾಗಿತ್ತೋ ಯಾರಿಗೂ ನೆನಪಿರಲಿಲ್ಲ. ಮೂಲೆಯಜ್ಜ ಅಂತಲೇ ಕರೆಯುತ್ತಿದ್ದರು.

ಎಲ್ಲರಿಗೂ ಒಂದೇ ತರಹದ ಮಾಸಿದ ನೀಲಿ ಅಂಗಿ, ತಲೆಗೆ ಎರಡೆರಡು. ಅದಕ್ಕೆ ಜೇಬಿಲ್ಲ. ಪೇಂಟರಿಗೆ ಕೆಲಸ ಕಲಿತ ದಿನದಿಂದ ಎದೆಯ ಜೇಬಲ್ಲಿ ಒಂದು ಪೆನ್ಸಿಲ್ ತುಂಡು ಇದ್ದೇ ಇರುತ್ತಿತ್ತು. ಇಲ್ಲಿ ಅವನ ಕೈ ಸುಮ್ಮಸುಮ್ಮನೆ ಎದೆಗೆ ಹೋಗುವುದು, ಅಲ್ಲಿ ಏನೂ ಸಿಗದೆ ವಾಪಸು ಬರುವುದು. ಮೆಲ್ಲಗಣ್ಣ ಇದನ್ನು ನೋಡಿದ್ದ.

"ನಿನಗೆ ಹೊಲಿಗೆ ಬರುತ್ತಾ?" ಅಂತ ಅವಳನ್ನು ಕೇಳಿದ.

"ಅತ್ತೆಯ ಮಿಷನ್ ಇದೆ. ಅತ್ತೆಯಷ್ಟು ಸದ್ದು ಮಾಡುತ್ತೆ, ಹೊಲಿಗೆ ಮಾತ್ರ ನೆಟ್ಟಗೆ ಬರುತ್ತೆ."

"ಹಾಗಾದರೆ ಇವರ ಅಂಗಿಗೆ ಒಂದು ಜೇಬು ಹೊಲಿ."

ವಾರ್ಡುಗಳಿಗೆಲ್ಲ ಹಿರಿಯರು ದೊಡ್ಡ ಸಿಸ್ಟರು. ಕೆಟ್ಟವರಲ್ಲ, ಆದರೆ ನಕ್ಕರೆ ಕಾನೂನು ಮುರಿದಂತೆ ಅಂದುಕೊಂಡವರು. "ಜೇಬು ಯಾಕೆ ತೆಗೆಸಿದ್ದು ಅಂತ ಗೊತ್ತಲ್ಲ? ಮಾತ್ರೆ ಬಚ್ಚಿಡ್ತಾರೆ" ಅಂದರು.

"ಬಾಯಲ್ಲೂ ಬಚ್ಚಿಡ್ತಾರೆ ಸಿಸ್ಟರ್. ಹಾಗಂತ ಬಾಯಿ ಹೊಲಿಯೋಕಾಗುತ್ತಾ?"

"ಅದರಲ್ಲಿ ಇಟ್ಕೊಳ್ಳೋಕೆ ಇವರ ಹತ್ರ ಇರೋದಾದರೂ ಏನು?"

"ಇಡೋಕೆ ಜಾಗ ಇದ್ದರೆ ಏನಾದರೂ ಸಿಗುತ್ತೆ."

ಕೊನೆಗೆ ದೊಡ್ಡ ಸಿಸ್ಟರು ಒಪ್ಪಿದ್ದು ಒಂದು ಕರಾರಿನ ಮೇಲೆ. ಜೇಬು ಹೊರಗಡೆ ಇರಬೇಕು, ಇಟ್ಟದ್ದು ಕಾಣುವಂತಿರಬೇಕು, ಒಂದು ಮಾತ್ರೆ ಹೆಚ್ಚುಕಮ್ಮಿಯಾಗಿ ಬಚ್ಚಿಟ್ಟವರು ಯಾರಂತ ಗೊತ್ತಾಗದಿದ್ದರೆ ಜೇಬೆಲ್ಲ ಬಿಚ್ಚಿಸಿ ಮೆಲ್ಲಗಣ್ಣನನ್ನು ಸ್ಟೋರಿಗೆ ಹಾಕುತ್ತಾರೆ. ಸ್ಟೋರು ಅಂದರೆ ಹತ್ತಿಯುಂಡೆ, ಬಕೆಟ್ಟು, ಪೊರಕೆಗಳ ಕೋಣೆ. ಅಲ್ಲಿ ಮನುಷ್ಯರಿರುವುದಿಲ್ಲ. ಮೆಲ್ಲಗಣ್ಣ ತನ್ನ ಎರಡು ಬೆರಳು ಮಡಚಿ ಅಳತೆ ತೋರಿಸಿದ. "ಇಷ್ಟೇ ಆಳ ಸಾಕು."

ಗಂಡನ ಮೊದಲ ಅಂಗಿಯ ಜೇಬನ್ನು ಅವಳು ಮನೆಯಲ್ಲಿದ್ದ ಕಡುನೀಲಿ ದಾರದಲ್ಲಿ ಹೊಲಿದಳು. ಅದನ್ನು ನೋಡಿ ಪಕ್ಕದ ಮಂಚದವನು ನನಗೂ ಅಂದ, ಅವನ ಪಕ್ಕದವನು ನನಗೂ ಅಂದ. ಉಳಿದದ್ದಕ್ಕೆಲ್ಲ, ಗಂಡನ ಇನ್ನೊಂದು ಅಂಗಿಗೂ, ಆಸ್ಪತ್ರೆಯ ಬಿಳಿ ದಾರ. ನೋಡಲು ಬರುವ ದಿನಗಳಲ್ಲಿ ಅವಳು ವರಾಂಡದಲ್ಲಿ ಕೂತು ಕೈಹೊಲಿಗೆ ಹಾಕುವುದು, ಗಂಡಸರು ಅಂಗಿ ಬಿಚ್ಚಿ ಬನೀನಿನಲ್ಲಿ ಸಾಲಾಗಿ ನಿಲ್ಲುವುದು. "ಮದುವೆಮನೆ ಟೈಲರ್ ಇಷ್ಟು ಜನ ನೋಡಿರಲ್ಲ" ಅಂತ ಮೆಲ್ಲಗಣ್ಣ ರೇಗಿಸುತ್ತಿದ್ದ. ಒಬ್ಬ ಬಾಚಣಿಗೆ ಇಟ್ಟ, ಒಬ್ಬ ಮಗಳ ಫೋಟೋ ಮಡಚಿ ಇಟ್ಟ. ಒಬ್ಬ ಹಳದಿ ಎಲೆ ಇಟ್ಟುಕೊಂಡು ದಿನಾ ಬದಲಾಯಿಸುತ್ತಿದ್ದ. ಪೇಂಟರಿಗೆ ಪೆನ್ಸಿಲ್ ತುಂಡು ಸಿಕ್ಕಿತು.

ಮೂಲೆಯಜ್ಜ ತಾನಾಗಿ ಬರಲಿಲ್ಲ. ಮೆಲ್ಲಗಣ್ಣನೇ ಅವನ ಅಂಗಿ ತಂದುಕೊಟ್ಟ. ಹೊಲಿದು ತೊಡಿಸಿದಾಗ ಅಜ್ಜ ಅದರೊಳಗೆ ಬೆರಳಿಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ಸ್ಪಷ್ಟವಾಗಿ ಅಂದ:

"ಸಣ್ಣದಾಯ್ತು."

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಇಷ್ಟು ಕಾಲ ಬಾಯಿಬಿಡದವನು ಬಿಟ್ಟಿದ್ದು ತಕರಾರು ಹೇಳಲಿಕ್ಕೆ. ಮೆಲ್ಲಗಣ್ಣನ ದೊಡ್ಡ ಕಿವಿ ಕೆಂಪಾದವು. ನಗು ತಡೆಯುತ್ತಿದ್ದನೋ, ಇನ್ನೇನು ತಡೆಯುತ್ತಿದ್ದನೋ. "ಕಾನೂನು ಅಜ್ಜ, ಏನು ಮಾಡೋದು. ಎರಡು ಬೆರಳು" ಅಂದ.

ಅಂಥ ಒಂದು ಮಧ್ಯಾಹ್ನವೇ ಅವಳು ಬೀಗದ ಕೈಗೆ ಬಟ್ಟೆ ಯಾಕೆ ಅಂತ ಕೇಳಿದ್ದು. ಅವನ ಅಕ್ಕ ಒಬ್ಬಳಿದ್ದಳಂತೆ. ಮನಸ್ಸು ಕೆಟ್ಟಾಗ ಮನೆಯವರು ಹಿಂದಿನ ಕೋಣೆಯಲ್ಲಿ ಬೀಗ ಹಾಕಿ ಇಡುತ್ತಿದ್ದರಂತೆ. "ಅಪ್ಪನ ಬೀಗದ ಕೈ ಸದ್ದು ಕೇಳಿದರೆ ಅಕ್ಕ ಮಂಚದ ಕೆಳಗೆ ಹೋಗೋಳು. ಊಟ ಕೊಡೋಕೆ ಬಂದರೂ ಅದೇ ಸದ್ದು ತಾನೆ" ಅಂದ. ಅಷ್ಟು ಹೇಳಿ ಟೀ ಕೆಟಲ್ ಎತ್ತಿಕೊಂಡು ಹೋದ.

ಗಂಡನನ್ನು ಮನೆಗೆ ಕಳಿಸುವ ಮಾತು ಬಂತು. ಅವಳು ಮನೆಯಲ್ಲಿ ಚಾಪೆ ಒಗೆದು ಒಣಹಾಕಿದಳು. ಅಷ್ಟರಲ್ಲಿ ಆಸ್ಪತ್ರೆಯ ಧೋಬಿ ಒಂದು ಒದ್ದೆ ಅಂಗಿ ಹಿಡಿದು ದೊಡ್ಡ ಸಿಸ್ಟರ ಕೋಣೆಗೆ ಬಂದ. ಜೇಬಿನ ಬಾಯಿಗೆ ಮಡಚಿ ಹೊಲಿದ ಪಟ್ಟಿ ಇರುತ್ತದಲ್ಲ, ಅದರ ಹೊಲಿಗೆಯನ್ನು ಯಾರೋ ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಒಳಗೆ ಮಾತ್ರೆ ತೂರಿಸಿದ್ದರು. ನೀರಿಗೆ ಕರಗಿ ಬಿಳಿ ಗೋಂದಿನ ಹಾಗೆ ಅಂಟಿತ್ತು. ಅದು ನಿದ್ದೆಯ ಮಾತ್ರೆ ಅಂತ ದೊಡ್ಡ ಸಿಸ್ಟರು ಹಿಡಿದರು. ಒಂದಲ್ಲ, ಹಲವು. ಯಾರ ಅಂಗಿ ಅಂತ ಮಾತ್ರ ಗೊತ್ತಾಗಲಿಲ್ಲ, ಆಗ ಅಂಗಿಗಳಿಗೆ ಗುರುತು ಹಾಕುತ್ತಿರಲಿಲ್ಲ.

ಅಂಗಿಯನ್ನು ಅವಳ ಮುಂದೆ ಹಿಡಿದು, "ನೀನೇ ತಾನೆ ಹೊಲಿದಿದ್ದು, ಯಾರದಿದು?" ಅಂತ ಕೇಳಿದರು. ಕಡುನೀಲಿ ದಾರ. ಹೇಳಿದರೆ ಗಂಡನನ್ನು ಕಾಂಪೌಂಡಿನ ಹಿಂಭಾಗದ ಬೀಗದ ವಾರ್ಡಿಗೆ ಹಾಕುತ್ತಾರೆ. ಹೇಳದಿದ್ದರೆ ಮೆಲ್ಲಗಣ್ಣ ಸ್ಟೋರಿಗೆ. "ಒಗೆದ ಬಟ್ಟೆ ಎಲ್ಲ ಒಂದೇ ತರ ಕಾಣುತ್ತೆ ಸಿಸ್ಟರ್" ಅಂದಳು. ನಾಳೆ ಬೆಳಿಗ್ಗೆ ನೀನೇ ಬಂದು ಎಲ್ಲ ಜೇಬನ್ನೂ ಬಿಚ್ಚು ಅಂತ ಅಪ್ಪಣೆಯಾಯಿತು.

ಮೆಲ್ಲಗಣ್ಣ ಗೇಟಿನವರೆಗೂ ಅವಳ ಜೊತೆ ನಡೆದ.

"ದಾರ ನಾನೂ ನೋಡಿದೆ" ಅಂದ.

"ಹಾಗಾದರೆ ನೀವೇ ಹೇಳಿಬಿಡಿ ಅಣ್ಣ. ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ ಪಾಪ ನಮಗೆ ಬೇಡ."

"ಬೇಡ. ನೀನೂ ಹೇಳಬೇಡ. ಅವರಾಗಿ ಹೇಳಿದರೆ ಮುಂದೆ ದಾರಿ ಇದೆ. ನಾವು ಹಿಡಿದುಕೊಟ್ಟರೆ ಸಿಕ್ಕಿಬಿದ್ದ ಕಳ್ಳ ಆಗ್ತಾರೆ ಅಷ್ಟೇ. ಮನೆಗೆ ಬಂದ ವಾರಕ್ಕೇ ಹೆಂಡದಂಗಡಿ ಮುಂದೆ ಇರ್ತಾರೆ."

"ಹೇಳದೇ ಹೋದರೆ?"

"ಸ್ಟೋರಲ್ಲಿ ಬಕೆಟ್ ಜೊತೆ ಮಾತಾಡ್ತೀನಿ. ಅವು ಎದುರು ಮಾತಾಡಲ್ಲ, ಅದೊಂದು ಸುಖ." ನಕ್ಕ. ಆದರೆ ಗೊಂಚಲಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದ.

ಆಮೇಲೆ ವಾರ್ಡಿಗೆ ಹೋಗಿ ಒಂದೊಂದೇ ಮಂಚದ ಹತ್ತಿರ ನಿಂತು, "ನಾಳೆ ಜೇಬು ಬಿಚ್ಚುತ್ತಾರೆ. ಒಳಗಿರೋದನ್ನ ತೆಗೆದಿಟ್ಕೊಳ್ಳಿ" ಅಂದನಂತೆ. ಪೇಂಟರಿಗೂ ಅಷ್ಟೇ, ಒಂದು ಮಾತು ಹೆಚ್ಚಿಲ್ಲ.

ಬೆಳಿಗ್ಗೆ ದೊಡ್ಡ ಸಿಸ್ಟರು ಬಂದರು, ಹಿಂದೆ ಕತ್ತರಿ ಹಿಡಿದು ಅವಳು. ಗಂಡ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮೂಲೆಯಿಂದಲೇ ಶುರುಮಾಡು ಅಂದರು. ಅವಳು ಮೂಲೆಯಜ್ಜನ ಮುಂದೆ ಬಗ್ಗಿದಳು. ಅಜ್ಜ ಅಂಗೈಯನ್ನು ಜೇಬಿನ ಮೇಲೆ ಒತ್ತಿ ಹಿಡಿದ. ಕೈ ತೆಗಿಯಜ್ಜ ಅಂದಳು. ತೆಗೆಯಲಿಲ್ಲ. ಅವನ ಬೆರಳು ಬಿಡಿಸಬೇಕು, ಇವಳ ಕೈ ಬರಲೊಲ್ಲದು. ಮೆಲ್ಲಗಣ್ಣ ಬಾಗಿಲ ಬಳಿ ನಿಂತಿದ್ದ. ಅವತ್ತೊಂದು ದಿನ ಅವನ ಬಾಯಲ್ಲಿ ಮೆಲ್ಲಗೆ ಅನ್ನುವ ಮಾತೂ ಇರಲಿಲ್ಲ.

ಹಿಂದಿನಿಂದ ಮಂಚ ಕಿರುಗುಟ್ಟಿತು.

"ಅಜ್ಜನದು ಬಿಚ್ಚಬೇಡ ಕಣೇ" ಅಂದ ಗಂಡ. "ನಂದು ಬಿಚ್ಚು. ಮಾತ್ರೆ ನಂದು."

ದೊಡ್ಡ ಸಿಸ್ಟರು ತಿರುಗಿದರು. "ಯಾಕೆ ಬಚ್ಚಿಟ್ಟೆ? ಸಾಯೋಕಾ?"

"ಸಾಯೋಕಲ್ಲ ಸಿಸ್ಟರ್. ಮನೆಗೆ ಕಳಿಸ್ತೀರಲ್ಲ. ಇಲ್ಲಿ ನಿದ್ದೆ ಬರದಿದ್ದರೆ ಮೆಲ್ಲಗಣ್ಣ ಬಂದು ಕೂರ್ತಾರೆ. ಅಲ್ಲಿ ನಿದ್ದೆ ಬರದಿದ್ದರೆ ಎಲ್ಲಿಗೆ ಹೋಗಲಿ? ಅಂಗಡಿ ತಾನೆ ಕಾಣೋದು. ಅದಕ್ಕೆ ಕೂಡಿಟ್ಟೆ." ಅವನ ಕೈ ಎದೆಗೆ ಹೋಯಿತು, ಪೆನ್ಸಿಲ್ ಹಿಡಿದುಕೊಂಡಿತು. "ನನಗೆ ಮನೆ ಅಂದರೆ ಹೆದರಿಕೆ."

ಕುಡಿದು ಬಂದಾಗ ಅವನು ಏನೇನೋ ಅಂದಿದ್ದ, ಅವಳ ತವರಿನವರನ್ನೆಲ್ಲ ಬೀದಿಗೆ ಎಳೆದಿದ್ದ. ಈ ಒಂದು ಮಾತು ಮಾತ್ರ ಯಾವತ್ತೂ ಅಂದಿರಲಿಲ್ಲ. ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಚಾಪೆ ಒಗೆದು ಒಣಹಾಕಿದ್ದು ನೆನಪಾಯಿತು.

ಮೆಲ್ಲಗಣ್ಣ ಆಗ ಮುಂದೆ ಬಂದ. "ಇವತ್ತಿಗೆ ನಿಮ್ಮ ಚಿಕಿತ್ಸೆ ಶುರುವಾಯ್ತು ಪೇಂಟರೇ. ಇಷ್ಟು ದಿನ ಆಗಿದ್ದು ಬರೀ ಬಟ್ಟೆ ಬದಲಾಯಿಸಿದ್ದು" ಅಂದ. ಮನೆಗೆ ಕಳಿಸುವ ದಿನವನ್ನು ಮುಂದೆ ಹಾಕಿ ಅಂತ ದೊಡ್ಡ ಸಿಸ್ಟರನ್ನು ಕೇಳಿಕೊಂಡ. ಅವರು ತುಂಬ ಹೊತ್ತು ಮೂಲೆಯಜ್ಜನ ಕೈಯನ್ನೇ ನೋಡುತ್ತಿದ್ದರು. "ಪೇಂಟರ ಜೇಬು ಮಾತ್ರ ಬಿಚ್ಚು. ಮಿಕ್ಕಿದ್ದು ಇರಲಿ" ಅಂದು ಹೊರಟುಹೋದರು. ಸ್ಟೋರಿನ ಮಾತಾಗಲಿ ಬೀಗದ ವಾರ್ಡಿನ ಮಾತಾಗಲಿ ಮತ್ತೆ ಎತ್ತಲಿಲ್ಲ. ಗಂಡನ ಎದೆಯ ಮೇಲಿನ ಹೊಲಿಗೆಯನ್ನು ಅವಳು ಒಂದೊಂದಾಗಿ ಬಿಚ್ಚಿದಳು. ಅವನು ಅಲ್ಲಾಡದೆ ಕೂತಿದ್ದ. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡ.

ಆಮೇಲಿನದು ಕಷ್ಟ ಅಂತ ಮೆಲ್ಲಗಣ್ಣ ಮೊದಲೇ ಹೇಳಿದ್ದು ಸುಳ್ಳಾಗಲಿಲ್ಲ. ಪೇಂಟರು ಮನೆಗೆ ಬಂದ ಮೇಲೆ ಮೆಲ್ಲಗಣ್ಣ ರಜೆಯ ದಿನ ಬರುತ್ತಿದ್ದ. ಇಬ್ಬರೂ ಹೆಂಡದಂಗಡಿಯ ಮುಂದೆ ಹೋಗುತ್ತಿದ್ದರು, ಬರುತ್ತಿದ್ದರು. ಬೇರೆ ದಾರಿ ಇದ್ದರೂ ಅದೇ ದಾರಿ. "ಕದ್ದು ತಿರುಗಿದರೆ ಅಂಗಡಿ ದೊಡ್ಡದಾಗ್ತಾ ಹೋಗುತ್ತೆ" ಅನ್ನುತ್ತಿದ್ದ ಮೆಲ್ಲಗಣ್ಣ. ಅಂಗಡಿಯವನು ಒಮ್ಮೆ, "ಏನ್ ಸ್ವಾಮಿ, ನನ್ನ ಅಂಗಡಿಗೆ ಪಹರೆಯಾ?" ಅಂತ ಕೆಣಕಿದ. ಪೇಂಟರು, "ನಿನ್ನ ಬೋರ್ಡಲ್ಲಿ ಒತ್ತಕ್ಷರ ಉದುರಿಹೋಗಿದೆ, ಅದನ್ನ ನೋಡೋಕೆ ಬರ್ತೀವಿ" ಅಂದ. ಎರಡು ಸಲ ಜಾರಿದ. ಎರಡು ಸಲವೂ ಮೆಲ್ಲಗಣ್ಣ ಬೈಯಲಿಲ್ಲ, ಮಂಚ ಖಾಲಿ ಮಾಡಿಸಿ ಕಾದ. ಮೂರನೇ ಸಲ ಜಾರಲೇ ಇಲ್ಲ. ತಲೆ ನರೆಯುವ ತನಕ ಬೋರ್ಡು ಬರೆದು, ಎದೆಯ ನೋವಿನಲ್ಲಿ, ಮೈಮೇಲೆ ಎಚ್ಚರವಿದ್ದೇ ಕಣ್ಣು ಮುಚ್ಚಿದ. ಅವನ ಅಂಗಿಯ ಜೇಬಿನಿಂದ ಪೆನ್ಸಿಲ್ ತೆಗೆದಿಟ್ಟವಳು ಅವಳೇ.

ಅಷ್ಟರಲ್ಲಿ ಅವಳು ಆಸ್ಪತ್ರೆಯ ಹೊಲಿಗೆ ಕೋಣೆಗೆ ಸೇರಿ ಎಲ್ಲರಿಗೂ ಹೊಲಿಗೆಯಕ್ಕ ಆಗಿದ್ದಳು. ಅಂಗಿಗೆ ಎರಡು ಬೆರಳಿನ ಜೇಬು ಕಾಯಂ ಆಯಿತು. ಸಂಜೆ ಮಿಷನ್ ನಿಲ್ಲಿಸಿದರೆ ವಾರ್ಡಿನಿಂದ ಮೆಲ್ಲಗೆ, ಮೆಲ್ಲಗೆ ಅನ್ನುವ ದನಿ ಕೇಳುತ್ತಿತ್ತು. ಆ ಕಟ್ಟಡ ಕೆಡವಿ ಈಗ ಗಾಜಿನದು ಕಟ್ಟಿದ್ದಾರೆ, ಅದರಲ್ಲಿ ಯಾರ ದನಿಯೂ ಹೊರಗೆ ಬರುವುದಿಲ್ಲ. ಒಮ್ಮೆ ಮೆಲ್ಲಗಣ್ಣನ ಹೆಂಡತಿಯ ಮುಂದೆ ಅವಳು ಆ ದನಿಯನ್ನು ಹೊಗಳಿದ್ದಳು. ಆಕೆ ನಕ್ಕುಬಿಟ್ಟರು. "ಮನೇಲಿ ಬಂದು ಕೇಳು. ಅಲ್ಲಿ ಉಳಿಸಿದ ಕೂಗಾಟವನ್ನೆಲ್ಲ ಇಲ್ಲಿ ಖರ್ಚು ಮಾಡ್ತಾರೆ."

ಅದೇ ಹೆಂಡತಿ ಒಂದು ದಿನ ಹೇಳಿಕಳಿಸಿದರು. ನಿವೃತ್ತಿಯಾಗಿ ಮನೆಯಲ್ಲಿದ್ದ ಮೆಲ್ಲಗಣ್ಣನಿಗೆ ಲಕ್ವ ಹೊಡೆದಿತ್ತು. ಬೇರೆ ಯಾವುದೋ ಆಸ್ಪತ್ರೆ, ಹೊಸ ಹೊಸ ಮುಖದ ನರ್ಸುಗಳು. ಬಲಗೈ ಬಲಗಾಲು ಬಿದ್ದುಹೋಗಿದ್ದವು, ಬಾಯಿ ಒಂದು ಕಡೆಗೆ ಎಳೆದಿತ್ತು. ಅವನಿಗೂ ಆಸ್ಪತ್ರೆಯ ಅಂಗಿ ತೊಡಿಸಿದ್ದರು. ಎಡಗೈ ಎದೆಯ ಮೇಲೆ ಹೋಗುವುದು, ಏನೂ ಸಿಗದೆ ವಾಪಸು ಬರುವುದು. ಅವಳು ಬಾಗಿಲಲ್ಲೇ ನಿಂತು ಅದನ್ನು ನೋಡಿದಳು. ಈ ಕೈ ಆಟವನ್ನು ಅವಳು ಹಿಂದೆ ಒಬ್ಬರಲ್ಲಿ ನೋಡಿದ್ದಳು.

ಹತ್ತಿರ ಕೂತು ಚೀಲದಿಂದ ಸೂಜಿ, ದಾರ, ತುಂಡು ಬಟ್ಟೆ ತೆಗೆದಳು. ಅವನ ಕಣ್ಣು ಅರಳಿತು. ಎಡಕ್ಕೆ ಬಟ್ಟೆ ಇಟ್ಟು ಅಳತೆ ನೋಡಿದರೆ ತಲೆ ಅಲ್ಲಾಡಿಸಿದ. "ಬಲ... ಬಲಗಡೆ" ಅಂದ. ಜೇಬು ಯಾವಾಗಲೂ ಎಡಕ್ಕಲ್ಲವೇ ಅಂತ ಅವಳು ನೋಡಿದಳು. ಅವನು ಎಡಗೈ ಎತ್ತಿ ಬಲ ಎದೆಗೆ ತಂದು ತೋರಿಸಿದ. ಈಗ ಆಡುವ ಕೈ ಅದೊಂದೇ, ಅದಕ್ಕೆ ಸಲೀಸಾಗಿ ಎಟುಕುವುದು ಅಲ್ಲಿಗೇ.

"ಆಯ್ತು ಅಣ್ಣ, ಬಲಕ್ಕೇ ಹೊಲೀತೀನಿ. ಎರಡು ಬೆರಳು ತಾನೆ? ನಿಮ್ಮದೇ ಕಾನೂನು."

ಅವನು ಮತ್ತೆ ತಲೆ ಅಲ್ಲಾಡಿಸಿದ. ಎಡ ಅಂಗೈಯನ್ನು ಪೂರ್ತಿ ಬಿಚ್ಚಿ ಎದೆಯ ಮೇಲೆ ಹರಡಿದ. ಮಾತು ಬರಲು ಹೊತ್ತು ಹಿಡಿಯಿತು. ಅವಳು ಸೂಜಿಗೆ ದಾರ ಪೋಣಿಸಿಕೊಂಡು ಕಾದಳು.

"ಸಣ್ಣದು ಮಾಡಬೇಡ ತಂಗಿ," ಅಂದ. "ಪೂರ್ತಿ ಕೈ ಹಿಡೀಬೇಕು."